ಸಾಲಿನ ನಡುವಿನ ಕೈ

ಮಿಠಾಯಿ ಅಂಗಡಿಯ ತುಕಾರಾಮ ಸೇಠರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರೆಂದರೆ ನನ್ನ ತಲೆ ಬಿಸಿಯಾಗುತ್ತದೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯ ಮೇಲೆ. ತಾಜಸುಲ್ತಾನಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಕಲಬುರಗಿಯ ಜಗತ್ ಸರ್ಕಲ್ಲಿನ ಗದ್ದಲ ದಾಟಿ, ಚಪ್ಪಲಿ ಅಂಗಡಿಯ ಮೇಲಿನ ನಮ್ಮ ಎರಡು ಕೋಣೆಯ ಆಫೀಸಿಗೆ ಕಾಲಿಟ್ಟು ಇನ್ನೂ ಒಂದು ಗುಟುಕು ನೀರು ಕುಡಿದಿರುವುದಿಲ್ಲ, ಅಷ್ಟರಲ್ಲಿ ಸೇಠರು ಎದುರಿಗೆ ಕುಳಿತು ಹೊಸದೊಂದು ಆಸೆ ಬಿಚ್ಚುತ್ತಾರೆ. ನಾವು ಮೊಬೈಲ್ ಆ್ಯಪ್ ಮಾಡುವವರು. ಕೋಚಿಂಗ್ ಕ್ಲಾಸು, ಗೊಬ್ಬರದ ಅಂಗಡಿ, ಫಂಕ್ಷನ್ ಹಾಲ್, ಹೀಗೆ ಊರಿನ ಸಣ್ಣಪುಟ್ಟ ಗಿರಾಕಿಗಳೇ ನಮಗೆ ಅನ್ನ ಹಾಕುವವರು. ಹಾಗಾಗಿ ಸಿಟ್ಟು ಬಂದರೂ ನುಂಗಿಕೊಳ್ಳಬೇಕು.

ಹೋದ ವರ್ಷ ದೀಪಾವಳಿಗೆ ಮುಂಚೆ ಬಂದಾಗ ಸೇಠರ ಆಸೆ ಹೀಗಿತ್ತು. "ಗಿರಾಕಿಗೋಳಿಗಿ ಶುಭಾಶಯ ಕಳಸ್ತೀವಲ್ರೀ, ಆ ಸಾಲಿನಾಗ ಒಂದು ಹಣತಿ ಇರಬೇಕು. ಮತ್ತ ಅದು ಉರೀಬೇಕು."

"ಸಾಲಿನ ಕೆಳಗ ಹಾಕಿ ಕೊಡ್ತೀವ್ರೀ," ಎಂದೆ ನಾನು.

"ಕೆಳಗ ಎಲ್ಲಾರೂ ಹಾಕ್ತಾರ. ಅಕ್ಷರದ ನಡುವ ಉರೀಬೇಕು ನೋಡ್ರೀ. ದೀಪಾವಳಿ ಅನ್ನೋದರ ಬಾಜೂಕ, ಅಕ್ಷರದಷ್ಟೇ ಎತ್ತರ."

ಆಗೋದಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮೇಜಿನಿಂದ ಆಸ್ಫಿಯಾ ತಲೆ ಎತ್ತಿ, "ನೋಡ್ತೇನ್ರಿ ಸೇಠ್," ಎಂದುಬಿಟ್ಟಳು. ಅವಳ ಸ್ವಭಾವವೇ ಅದು. ಬೇರೆಯವರು ಕೈಚೆಲ್ಲಿದ ಕೆಲಸ ಕಂಡರೆ ಅವಳಿಗೆ ಜೀವ ಬರುತ್ತದೆ. ನಾನು ಹೇಳಹೊರಟಿರುವುದು ಈ ಹುಡುಗಿಯ ಕತೆಯನ್ನೇ.

ಆಸ್ಫಿಯಾ ನಮ್ಮ ಆಫೀಸಿಗೆ ಬಂದ ಹೊಸದರಲ್ಲಿ ಅವಳ ಒಂದು ಚಟ ನನಗೆ ಸರಿ ಬರುತ್ತಿರಲಿಲ್ಲ. ಏನನ್ನೇ ವಿವರಿಸಲಿ, ಬಾಯಿಗಿಂತ ಮೊದಲು ಅವಳ ಕೈ ಏಳುತ್ತಿತ್ತು. ಬೆರಳು ಕೂಡಿಸುವುದು, ಅಂಗೈ ತಿರುವುವುದು, ಎದೆ ಮುಟ್ಟುವುದು. ಇದೇನು ನಾಟಕ ಎಂದುಕೊಂಡಿದ್ದೆ. ಆಮೇಲೆ ಒಂದು ದಿನ ಅವಳ ತಂಗಿ ಬುಶ್ರಾ ಮಧ್ಯಾಹ್ನದ ಡಬ್ಬಿ ಕೊಡಲು ಬಂದಳು. ಅಕ್ಕತಂಗಿಯರು ಮೆಟ್ಟಿಲ ಮೇಲೆ ನಿಂತು ಕೈಯಲ್ಲೇ ಜಗಳವಾಡಿ, ಕೈಯಲ್ಲೇ ನಕ್ಕು, ಕೈಯಲ್ಲೇ ನನ್ನ ಬಗ್ಗೆ ಏನೋ ಆಡಿಕೊಂಡರು. ಬುಶ್ರಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ.

"ನನ್ನ ಬಗ್ಗೆ ಏನಂದಳು?" ಎಂದು ಕೇಳಿದೆ.

"ನಿಂಗೊಂದು ಹೆಸರಿಟ್ಟಾಳ ಅಕ್ಕಾ," ಎಂದು ಆಸ್ಫಿಯಾ ಮೂಗಿನ ತುದಿಯ ಮೇಲೆ ಬೆರಳಿಟ್ಟು ಸುಟ್ಟುಕೊಂಡವರಂತೆ ಝಾಡಿಸಿ ತೋರಿಸಿದಳು. ಕೈಮಾತಿನವರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೆಸರು ಬೀಳುತ್ತದಂತೆ. ಕೋಟನೂರಿನಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟಿರುವ ಅವರ ಅಬ್ಬಾ ಸಲಾವುದ್ದೀನರ ಹೆಸರು ಉದ್ದನೆಯ ದಾರ ಎಳೆಯುವ ಕೈ. ಆಸ್ಫಿಯಾಳ ಹೆಸರು ಕಣ್ಣಿನ ಸುತ್ತ ಕನ್ನಡಕದ ಎರಡು ಬೆರಳು. ಒಂದೇ ನೋಟಕ್ಕೆ ನನ್ನ ಗುಣ ಕಂಡುಹಿಡಿದ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ನಾನು ಬಿದ್ದು ಬಿದ್ದು ನಕ್ಕೆ.

ಆ ಮನೆಯಲ್ಲಿ ಆಸ್ಫಿಯಾ ಚಿಕ್ಕಂದಿನಿಂದ ಎರಡು ಕೆಲಸ ಮಾಡುತ್ತ ಬೆಳೆದವಳು. ಮಗಳು ಒಂದು, ತಂಗಿಯ ಬಾಯಿ ಮತ್ತು ಕಿವಿ ಇನ್ನೊಂದು. ಡಾಕ್ಟರ ಹತ್ತಿರ, ಬಳೆ ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಎಲ್ಲಿ ಹೋದರೂ ಬುಶ್ರಾಳ ಪಕ್ಕಕ್ಕೆ ಆಸ್ಫಿಯಾ. ಕಮಲಾಪುರದ ತನ್ವೀರ್ ಹೆಣ್ಣು ನೋಡಲು ಬಂದಾಗ ಹುಡುಗ ಹೇಗಿದ್ದಾನೆ ಎಂದು ಅಮ್ಮಿ ಕೇಳಿದ್ದನ್ನು ತಂಗಿಗೆ ದಾಟಿಸಿದವಳೂ, "ನನ್ನ ಕೈ ನೋಡಿ ನಗ್ತಾನ, ಆದ್ರ ಅಣಕಸಂಗಿಲ್ಲ," ಎಂಬ ಉತ್ತರವನ್ನು ಅಮ್ಮಿಗೆ ಮುಟ್ಟಿಸಿದವಳೂ ಅವಳೇ. ನಿಕಾಹ್ ದಿನ ತಂಗಿಯ ಒಪ್ಪಿಗೆ ಕೇಳಿ ಹೇಳಿದ್ದೂ ಅವಳ ಕೈಯೇ. ಆಮೇಲೆ ಬುಶ್ರಾ ಕಮಲಾಪುರಕ್ಕೆ ಹೋದಳು, ಆಸ್ಫಿಯಾ ಇಲ್ಲಿ ಉಳಿದಳು. ಆಫೀಸಿನಲ್ಲಿ ಅವಳ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವುದನ್ನು ನೋಡಿ ನನಗೇ ಕಸಿವಿಸಿಯಾಗುತ್ತಿತ್ತು.

ಸೇಠರ ಹಣತೆಯ ಮಾತಿಗೆ ಬರುತ್ತೇನೆ. ಆಸ್ಫಿಯಾ ಅದನ್ನು ಸಾಲಿನೊಳಗೆ ಕೂರಿಸಿದ್ದೇನೋ ಆಯಿತು. ಅಕ್ಷರದ ಎತ್ತರಕ್ಕೇ ಕುಳಿತಿತು. ಆದರೆ ಜ್ವಾಲೆ ಮಾತ್ರ ಅಲುಗಾಡದು. ಸೇಠರ ಅಂಗಡಿಯ ಕ್ಯಾಲೆಂಡರಿನಲ್ಲಿ ಅಚ್ಚಾದ ಹಣತೆಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಇದು ಯಾಕೆ ಎಂಬುದನ್ನು ಸ್ವಲ್ಪ ಹೇಳಬೇಕು. ಫೋನಿನಲ್ಲಿ ಬರಹ ತೋರಿಸುವ ಜಾಗಕ್ಕೆ ನಾವು ಟೆಕ್ಸ್ಟ್ ವ್ಯೂ ಎನ್ನುತ್ತೇವೆ. ಅದು ಅಕ್ಷರಗಳನ್ನು ಒಂದು ಸಲ ಬರೆದು ಮುಗಿಸಿ ಸುಮ್ಮನಾಗಿಬಿಡುತ್ತದೆ. ಅಲುಗಾಡುವ ಚಿತ್ರವೆಂದರೆ ನಿಜಕ್ಕೂ ಒಂದರ ಹಿಂದೆ ಒಂದು ಬರುವ ಹಲವು ಚಿತ್ರಗಳು. ಪ್ರತಿ ಸಲ ಬದಲಾದಾಗಲೂ ಅದು 'ನಾನು ಬದಲಾಗಿದ್ದೇನೆ, ನನ್ನನ್ನು ಮತ್ತೆ ಬರಿ' ಎಂದು ಕೂಗುತ್ತದೆ. ಆ ಕೂಗು ಕೇಳಿ ಯಾರಾದರೂ ಮತ್ತೆ ಬರೆದರೆ ಮಾತ್ರ ನಮ್ಮ ಕಣ್ಣಿಗೆ ಜ್ವಾಲೆ ಆಡುತ್ತದೆ. ಕೇಳುವವರೇ ಇಲ್ಲದಿದ್ದರೆ ಒಳಗೆ ಅದು ಎಷ್ಟು ಒದ್ದಾಡಿದರೂ ಹೊರಗೆ ಮೊದಲ ಚಿತ್ರವೇ ನಿಂತಿರುತ್ತದೆ.

ಆಸ್ಫಿಯಾ ಚಿತ್ರಕ್ಕೆ 'ನಿನ್ನ ಯಜಮಾನ ಈ ಟೆಕ್ಸ್ಟ್ ವ್ಯೂ, ಇವನನ್ನು ಕೂಗು' ಎಂದು ಬರೆದು ಕೊಟ್ಟಳು. ಆದರೂ ಅಲುಗಾಡಲಿಲ್ಲ. ನಾನು ಬಿಟ್ಟುಹಾಕು ಎಂದೆ. ಅವಳು ಪಟ್ಟು ಬಿಡದೆ ಒಳಹೊಕ್ಕು ನೋಡಿದಳು. ಮರುದಿನ ಬಂದವಳೇ ನನ್ನ ಕುರ್ಚಿ ಎಳೆದು ತನ್ನ ಪರದೆಯ ಕಡೆ ತಿರುಗಿಸಿದಳು.

"ಚಿತ್ರಾ ಒದರಾಕತ್ತದ ಅಕ್ಕಾ. ಇದು ಕೇಳಿಸ್ಕೋತದ ಖರೇ. ಆದ್ರ ಇದಕ್ಕೊಂದು ಪದ್ಧತಿ ಅದ. ಒದರಿದವರು ನಮ್ಮನಿಯವರೋ ಅಲ್ಲೋ ಅಂತ ಮೊದಲು ನೋಡ್ತದ. ಸಾಲಿನಾಗ ಬಂದು ಕುಂತ ಚಿತ್ರಾನ ಇದು ತನ್ನದು ಅಂತ ತಿಳ್ಕೊಂಡೇ ಇಲ್ಲ. ಹೊರಗಿಂದು ಅಂತ ಸುಮ್ಮ ಕುಂದರ್ತದ."

"ಈಗೇನು ಮಾಡ್ತಿ?"

"ನನ್ನ ಸಾಲಿನಾಗ ಕುಂತವರೆಲ್ಲಾ ನಮ್ಮನಿಯವರೇ ಅಂತ ಇದಕ್ಕ ಹೇಳ್ತೇನಿ."

ಹಾಗೆಯೇ ಹೇಳಿದಳು. ನಾಲ್ಕಾರು ಸಾಲಿನ ಕೆಲಸ. 'ದೀಪಾವಳಿ' ಮತ್ತು 'ಹಬ್ಬದ' ಎಂಬೆರಡು ಪದಗಳ ನಡುವೆ ಜ್ವಾಲೆ ಎಡಕ್ಕೆ ಬಾಗಿತು, ಬಲಕ್ಕೆ ಬಾಗಿತು. ನಾನು ಚಪ್ಪಾಳೆ ತಟ್ಟಿದೆ. ಆಸ್ಫಿಯಾ ಮಾತ್ರ ಹಣತೆಯನ್ನು ನೋಡುತ್ತಿರಲಿಲ್ಲ, ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಅಕ್ಕಾ, ಹಣತಿ ಜಾಗಾದಾಗ ಕೈ ಕೂಡಿಸಿದ್ರ?" ಎಂದಳು.

ಆ ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. ಬುಶ್ರಾ ಆಗ ಕಮಲಾಪುರದಲ್ಲಿರಲಿಲ್ಲ, ತವರಿಗೆ ಬಂದು ಕುಳಿತಿದ್ದಳು. ಅವಳ ಅತ್ತೆ ಜೀನತ್ ಖಾಲಾ ಹಿತ್ತಲಿನ ನಲ್ಲಿಯ ಹತ್ತಿರ ಕಾಲು ಜಾರಿ ಬಿದ್ದಿದ್ದರು. ಬಿದ್ದಲ್ಲಿಂದಲೇ ಸೊಸೆಯನ್ನು ಕೂಗಿದರು. ಸೊಸೆ ಒಳಗೆ ಆ ಕಡೆ ಮುಖ ಮಾಡಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೊನೆಗೆ ನೆರೆಮನೆಯವರು ಓಡಿ ಬಂದು ಎಬ್ಬಿಸಿದರು. ಪಾದ ಉಳುಕಿದ್ದು ವಾಸಿಯಾಗುವಂಥದ್ದು, ಮನಸ್ಸು ಉಳುಕಿದ್ದು ಹಾಗಲ್ಲವಲ್ಲ. ಕಿವಿ ಕೇಳಿಸದ ಹುಡುಗಿ ಎಂದು ತಿಳಿದೇ ತಂದುಕೊಂಡ ಸೊಸೆ, ಆದರೆ ತಿಳಿದಿರುವುದು ಬೇರೆ, ನೆಲದ ಮೇಲೆ ಬಿದ್ದು ಕೂಗುವುದು ಬೇರೆ. "ಸ್ವಲ್ಪ ದಿನ ತವರ್ಮನ್ಯಾಗ ಇರ್ಲಿ," ಎಂದು ಕಳಿಸಿದವರು ಮತ್ತೆ ಬಾ ಎಂದಿರಲಿಲ್ಲ. ತನ್ವೀರ್ ಬೈಕ್ ರಿಪೇರಿ ಅಂಗಡಿ ಮುಚ್ಚಿ ಎರಡು ಸಲ ಬಂದು ಹೆಂಡತಿಯ ಎದುರು ತಲೆ ತಗ್ಗಿಸಿ ಕುಳಿತು ಹೋಗಿದ್ದ. ತಾಯಿಯನ್ನೂ ನೋಯಿಸಲಾರ, ಹೆಂಡತಿಯನ್ನೂ ಬಿಡಲಾರ. ಬುಶ್ರಾಳ ಮದುವೆಯೇ ಮುರಿಯುತ್ತದೇನೋ ಎಂದು ಅಮ್ಮಿ ಹಾಸಿಗೆ ಹಿಡಿದಿದ್ದರು.

ಬುಶ್ರಾಳಿಗೂ ದುಃಖವಿತ್ತು. ಆ ಮನೆಯಲ್ಲಿ ಅತ್ತೆ ಉಣ್ಣು ಎಂದ ಮೇಲೆಯೇ ಹೊಸ ಸೊಸೆ ತಟ್ಟೆಯ ಮುಂದೆ ಕೂರುವುದು ಪದ್ಧತಿ. ಅತ್ತೆ ತನಗೆ ಒಂದು ದಿನವೂ ಉಣ್ಣು ಎನ್ನಲಿಲ್ಲ, ಎಲ್ಲರೂ ಉಂಡು ಎದ್ದ ಮೇಲೆ ತಾನೊಬ್ಬಳೇ ಉಳಿದಿದ್ದನ್ನು ತಿನ್ನುತ್ತಿದ್ದೆ ಎಂದು ಅಕ್ಕನ ಮುಂದೆ ಅತ್ತಿದ್ದಳು. ಅತ್ತೆಗೆ ಅವಳು ಇಟ್ಟಿದ್ದ ಕೈಮಾತಿನ ಹೆಸರು ಏನು ಗೊತ್ತೇ? ತನ್ನ ಹೆಗಲ ಹಿಂದೆ ಕೈ ಹಾಕಿ ಬೆನ್ನು ಮುಟ್ಟಿಕೊಳ್ಳುವುದು. ಆಸ್ಫಿಯಾ ಇದನ್ನು ಹೇಳಿದಾಗ ನನಗೆ ಎಂಥ ಸಿಟ್ಟು ಬಂತೆಂದರೆ, ಆ ಅತ್ತೆ ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ!

ಆಸ್ಫಿಯಾಳ ಯೋಚನೆ ಸರಳವಾಗಿತ್ತು. ಮನೆಯೊಳಗಿನ ಮಾತು ದಖನಿ ಉರ್ದುವಾದರೂ ಜೀನತ್ ಖಾಲಾ ಓದಿದ್ದು ಕನ್ನಡ ಶಾಲೆಯಲ್ಲಿ, ಬುಶ್ರಾ ಓದಿದ್ದೂ ಕನ್ನಡವೇ. ಅತ್ತೆ ಸೊಸೆ ಫೋನಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳಲು ಒಂದು ಸಣ್ಣ ಆ್ಯಪ್ ಮಾಡುವುದು. ಅದರಲ್ಲಿ 'ನೀರು' ಎಂದು ಬರೆದರೆ ಆ ಪದದ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ನೀರು ಎನ್ನುವ ಕೈ ಆಡಬೇಕು. ಓದುತ್ತ ಓದುತ್ತ ಕೈಮಾತು ಕಣ್ಣಿಗೆ ಹತ್ತಬೇಕು.

"ಬ್ಯಾರೆ ಕಡಿ ಚಿತ್ರಾ ತೋರ್ಸಿ ಕಲಸ್ತೀವಿ ಅಂದ್ರ ಖಾಲಾ ಕುಂದರಂಗಿಲ್ಲ ಅಕ್ಕಾ. 'ಸೊಸಿ ಸಲವಾಗಿ ನಾ ಮತ್ತ ಶಾಲಿಗಿ ಹೋಗ್ಲ್ಯಾ' ಅಂತಾರ. ಓದೋ ಸಾಲಿನಾಗ ಇದ್ರ ಕಣ್ಣಿಗಿ ಬೀಳಲಾರ್ದ ಎಲ್ಲಿ ಹೋಗ್ತದ?"

ನಮ್ಮ ಸರ್ ಗುರುಪ್ರಸಾದರು ಒಳ್ಳೆಯವರು, ಗಿರಾಕಿಗಳ ಕೆಲಸ ಮುಗಿಸಿ ಏನಾದರೂ ಮಾಡಿಕೊಳ್ಳಲಿ ಎಂದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಸ್ಫಿಯಾ ಒಳಕೋಣೆಗೆ ಹೋಗಿ, ನೀರಿನ ಬಾಟಲಿಗೆ ಫೋನ್ ಆನಿಸಿ, ಮುಂದಿನ ಕ್ಯಾಮೆರಾದಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತ ಒಂದೊಂದೇ ಪದವನ್ನು ಕೈಯಲ್ಲಿ ಮಾಡಿ ತುಂಬಿಕೊಂಡಳು. ನೀರು, ಊಟ, ನಿದ್ದೆ, ನೋವು, ಬಾ, ಹೋಗು, ಸಿಟ್ಟು. 'ಸಿಟ್ಟು' ಮಾಡುವಾಗ ನನ್ನ ಕಡೆ ನೋಡಿ ನಕ್ಕಳು, ನಾನು ಹಲ್ಲು ಕಡಿದೆ.

ಮೊದಲ ಸಲ ಆ್ಯಪ್ ತೆರೆದು ಬುಶ್ರಾಳಿಗೆ ತೋರಿಸಿದ್ದು ನಮ್ಮ ಆಫೀಸಿನಲ್ಲೇ. ಆಸ್ಫಿಯಾ ದೊಡ್ಡದೊಂದು ವಾಕ್ಯ ಬರೆದು ಕೈಗೆ ಕೊಟ್ಟಳು. ಸಾಲಿನಲ್ಲಿದ್ದ ಕೈಗಳೆಲ್ಲ ಒಟ್ಟಿಗೇ ಕುಣಿಯತೊಡಗಿದವು. ಬುಶ್ರಾ ಫೋನ್ ಮೇಜಿನ ಮೇಲೆ ಬೋರಲಾಗಿಟ್ಟು ಎರಡೂ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕೈಯಲ್ಲಿ ಏನೋ ಬಯ್ದಳು.

"ಏನಂತಾಳ?" ಎಂದೆ.

"ಸಂತ್ಯಾಗ ಎಲ್ಲಾರೂ ಒಮ್ಮೆಲೇ ಒದರಿದ್ರ ನಿಮಗ ಹ್ಯಾಂಗ ಆಗ್ತದ, ನಂಗ ಹಂಗ ಆಗ್ಯಾದ ಅಂತಾಳ."

ನನಗಾಗಲಿ ಆಸ್ಫಿಯಾಳಿಗಾಗಲಿ ಇದು ಹೊಳೆದೇ ಇರಲಿಲ್ಲ. ಎಲ್ಲವೂ ಒಟ್ಟಿಗೆ ಆಡುವುದು ನಮಗೆ ಚೆಂದ ಕಂಡಿತ್ತು, ಅವಳಿಗೆ ಅದು ಗದ್ದಲ. ಆಸ್ಫಿಯಾ ಮತ್ತೆ ಕುಳಿತು ತಿದ್ದಿದಳು. ಒಂದು ಕೈ ಆಡಿ ನಿಂತ ಮೇಲೆ ಮುಂದಿನದು ಏಳಬೇಕು, ಬೆರಳಿನಿಂದ ಮುಟ್ಟಿದರೆ ಆ ಪದದ ಕೈ ಮಾತ್ರ ಮತ್ತೊಮ್ಮೆ ಆಡಬೇಕು. ಎರಡನೆಯ ಸಲ ಬುಶ್ರಾ ಸಾಲನ್ನು ಕೊನೆಯವರೆಗೂ ನೋಡಿ, ಅಕ್ಕನ ಕೆನ್ನೆ ಹಿಂಡಿದಳು. ಎಲ್ಲ ಸರಿಯಾಗಿದೆ ಎಂದು ಮೂವರೂ ಒಪ್ಪಿದೆವು. ಸರಿಯಾಗಿರಲಿಲ್ಲ, ಆದರೆ ಅದು ನಮ್ಮ ಮೂವರ ಕಣ್ಣಿಗೂ ಬೀಳುವಂಥದ್ದಾಗಿರಲಿಲ್ಲ.

ತನ್ವೀರ್ ಅದನ್ನು ತಾಯಿಯ ಫೋನಿಗೆ ಹಾಕಿಕೊಟ್ಟ. ಖಾಲಾ ತೆರೆದು ನೋಡಲೇ ಇಲ್ಲ. ದಿನಗಳು ಹೋದವು, ಕಮಲಾಪುರದಿಂದ ಕರೆ ಬರಲಿಲ್ಲ. ಕೊನೆಗೆ ಅಮ್ಮಿಯೇ ಎದ್ದು ಕೂತು ತೀರ್ಮಾನ ಮಾಡಿದರು. ಕಾಲು ನೋವು ವಿಚಾರಿಸಿಕೊಂಡು ಬರುವ ನೆಪದಲ್ಲಿ ಬುಶ್ರಾಳನ್ನು ಅವಳ ಚೀಲದ ಸಮೇತ ಕರೆದುಕೊಂಡು ಹೋಗುವುದು. ಇರಲಿ ಎಂದರೆ ಬಿಟ್ಟು ಬರುವುದು, ಬೇಡ ಎಂದರೆ ವಾಪಸು ಕರೆತರುವುದು. "ಅಂಜನಾನ್ನೂ ಕರ್ಕೊಂಡ್ ಹೋಗು," ಎಂದರಂತೆ ಆಸ್ಫಿಯಾಳಿಗೆ. "ಹೊರಗಿನವರು ಇದ್ರ ಮಾತು ಮೀರಂಗಿಲ್ಲ." ಜಗಳವಾಗದಿರಲಿ ಎಂದು ನನ್ನನ್ನು ಕಳಿಸುವುದೆಂದರೆ, ಪಾಪ, ಅಮ್ಮಿಗೆ ನನ್ನ ಪರಿಚಯ ಅಷ್ಟೊಂದು ಇರಲಿಲ್ಲ.

ರವಿವಾರ ಹುಮನಾಬಾದ ಕಡೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಬುಶ್ರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಂಡೆವು. ಮನೆಯ ಹೊಸ್ತಿಲ ಹತ್ತಿರ ಬಂದಾಗ ಬುಶ್ರಾ ಚೀಲವನ್ನು ಬಾಗಿಲ ಒಳಗೆ ಗೋಡೆಗೆ ಆನಿಸಿಟ್ಟಳು. ತನ್ನದೇ ಕೋಣೆ ನಾಲ್ಕು ಹೆಜ್ಜೆ ಆಚೆಗಿತ್ತು, ಅಲ್ಲಿಗೆ ಒಯ್ಯಲಿಲ್ಲ.

ಜೀನತ್ ಖಾಲಾ ನಾನು ಅಂದುಕೊಂಡಂತೆ ಇರಲಿಲ್ಲ. ಗಿಡ್ಡನೆಯ ದುಂಡು ಹೆಂಗಸು, ಕಾಲಿಗೆ ಪಟ್ಟಿ, ಕೈತುಂಬ ಹಸಿರು ಗಾಜಿನ ಬಳೆ. "ಬರ್ರಿ, ಬರ್ರಿ, ಕುಂದರ್ರಿ," ಎಂದು ನನ್ನನ್ನು ಕೈಹಿಡಿದೇ ಕೂರಿಸಿದರು. ಸೊಸೆಯ ಸಲಾಮಿಗೆ ತಲೆಯಾಡಿಸಿದರು, ಅಷ್ಟೇ. ನಾನು ಕಾಲು ಹೇಗಿದೆ ಎಂದು ಕೇಳಿದ್ದೇ ತಡ, ಮನಸ್ಸಿನಲ್ಲಿದ್ದದ್ದು ಹೊರಬಿತ್ತು.

"ಕಾಲಿಂದೇನ್ ಬಿಡ್ರಿ. ಮನ್ಯಾಗ ಒಬ್ರು ಕೂಗಿದ್ರ ಇನ್ನೊಬ್ರು ಓಡಿ ಬರ್ಬೇಕಲ್ರೀ? ನಾ ಅಲ್ಲಿ ಬಿದ್ದು ಒದರಾಕತ್ತೀನಿ, ಈಕಿ ಇಲ್ಲಿ ಕುಂತಾಳ. ಅಕೀದು ತಪ್ಪಲ್ಲ, ನಂಗೂ ಗೊತ್ತದ. ಖರೇ ನಂಗ ಹೆದ್ರಿಕಿ ಆಗ್ತದ."

ಆ ಹೆದರಿಕೆ ಎಂಬ ಮಾತು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು. ಕೆಟ್ಟವರನ್ನು ಬಯ್ಯುವುದು ಸುಲಭ, ಹೆದರಿದವರನ್ನು ಏನೆನ್ನುವುದು?

ಅಡುಗೆಮನೆಯಲ್ಲೇ ನಮಗೆ ನೆಲದ ಮೇಲೆ ದಸ್ತರಖಾನ್ ಬಟ್ಟೆ ಹಾಸಿದರು. ನಮ್ಮಿಬ್ಬರ ತಟ್ಟೆ ತುಂಬಿದ ಮೇಲೆ ಖಾಲಾ ಗೋಡೆಗೆ ಹತ್ತಿಸಿದ ಕಟ್ಟೆಯ ಮೇಲಿನ ಒಲೆಯ ಕಡೆ ತಿರುಗಿ, ಪಾತ್ರೆಯಲ್ಲಿ ಸೌಟು ಆಡಿಸುತ್ತ, "ಬುಶ್ರಾ, ತೂಭೀ ಖಾಲೇ," ಎಂದರು. ನೀನೂ ಉಣ್ಣು ಎಂದದ್ದು. ದನಿ ಮೆತ್ತಗೇ ಇತ್ತು. ಬಾಗಿಲ ಪಕ್ಕದಲ್ಲಿ ಕುಳಿತಿದ್ದ ಬುಶ್ರಾ ಅಲ್ಲಾಡಲಿಲ್ಲ. ಅವಳು ಅತ್ತೆಯ ಬೆನ್ನನ್ನೇ ನೋಡುತ್ತಿದ್ದಳು. ಖಾಲಾ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿ ಸೌಟು ಕೆಳಗಿಟ್ಟರು.

"ನೋಡ್ರಿ. ನೀವೇ ನೋಡ್ರಿ. ದಿನಾ ಹೇಳ್ತೇನಿ ಉಣ್ಣಂತ. ಒಂದು ದಿನಾನೂ ನನ್ನ ಮಾತಿಗಿ ಉಂಡಾಕಿ ಅಲ್ಲ. ನನ್ನ ಕೈ ಅಡಿಗಿ ಬ್ಯಾಡಾಗ್ಯಾದ."

ನಾನು ತುತ್ತು ತಟ್ಟೆಗೇ ಹಾಕಿದೆ. ಅಮ್ಮಿ ನನ್ನನ್ನು ಕಳಿಸಿದ ಉದ್ದೇಶ ಮರೆತೇ ಹೋಯಿತು. "ಖಾಲಾ, ನೀವು ಅಕೀಗಿ ಎಲ್ಲಿ ಹೇಳೀರಿ? ಗ್ವಾಡಿಗಿ ಹೇಳೀರಿ!"

ಆಸ್ಫಿಯಾ ದುಪಟ್ಟಾದ ಮರೆಯಲ್ಲಿ ನನ್ನ ತೊಡೆಯನ್ನು ಜೋರಾಗಿ ಚಿವುಟಿದಳು. ಖಾಲಾ ನನ್ನನ್ನು ನೋಡಿದರು, ಒಲೆಯ ಹಿಂದಿನ ಗೋಡೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಚೀಲ ಎತ್ತಿಕೊಂಡು ಸಂಜೆಯ ಬಸ್ಸಿಗೆ ಮೂವರೂ ಹೊರಡುವುದೇ ಎಂದುಕೊಂಡೆ.

ಆಸ್ಫಿಯಾ ಕೈ ತೊಳೆದುಕೊಂಡು ಕಟ್ಟೆಯ ಮೇಲಿದ್ದ ಖಾಲಾ ಅವರ ಫೋನ್ ಎತ್ತಿ ಅವರ ಕೈಗೆ ಕೊಟ್ಟಳು. "ಖಾಲಾ, ಒಂದೇ ಒಂದು ಸಾಲು ಓದ್ರಿ. ಆಮ್ಯಾಲ ನೀವು ಹೇಳ್ದಂಗ." ತನ್ನ ಫೋನಿನಿಂದ ಆ ಸಾಲನ್ನು ಕಳಿಸಿದಳು. ಖಾಲಾ ಕನ್ನಡಕ ಏರಿಸಿಕೊಂಡು, ಬೇಡದ ಮನಸ್ಸಿನಿಂದಲೇ, ಗಟ್ಟಿಯಾಗಿ ಓದಿದರು. "ಬುಶ್ರಾ, ಊಟ ಮಾಡು."

'ಊಟ' ಎಂಬ ಪದದ ಪಕ್ಕದಲ್ಲಿ ಐದು ಬೆರಳು ಕೂಡಿದ ಕೈಯೊಂದು ಎದ್ದು ಬಾಯಿಯ ಹತ್ತಿರ ಹೋಯಿತು, ಬಂತು, ಮತ್ತೆ ಹೋಯಿತು. ಖಾಲಾ ಫೋನನ್ನು ಕಣ್ಣಿನ ಹತ್ತಿರ ತಂದರು. ಬೆರಳಿನಿಂದ ಮುಟ್ಟಿದರು. ಕೈ ಮತ್ತೆ ಆಡಿತು. ಅವರ ಹುಬ್ಬು ಗಂಟಿಕ್ಕಿತು.

"ತೌಬಾ!" ಎಂದರು. "ಎಡಗೈಲೆ ಉಣ್ಣಾಕತ್ತದಲ್ಲವಾ ಇದು!"

ನಾನು ಇಣುಕಿ ನೋಡಿದೆ. ಹೌದು, ಎಡಗೈ. ನೀರು, ಬಾ, ಹೋಗು, ಎಲ್ಲವೂ ಎಡಗೈ. ಮುಂದಿನ ಕ್ಯಾಮೆರಾ ಕನ್ನಡಿಯಂತೆ ತಿರುಗಿಸಿ ತುಂಬಿಕೊಂಡುಬಿಟ್ಟಿತ್ತು. ಬುಶ್ರಾಳಿಗೆ ಯಾವ ಕೈಯಾದರೂ ಪದ ಅದೇ, ಅವಳಿಗೆ ಅದು ದೋಷವೇ ಅಲ್ಲ. ಆಸ್ಫಿಯಾ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಅಭ್ಯಾಸವಾದವಳು. ನಾನಂತೂ ಚಿತ್ರ ಅಲುಗಾಡಿದ್ದಕ್ಕೇ ಚಪ್ಪಾಳೆ ತಟ್ಟಿದವಳು. ಆದರೆ ಮಕ್ಕಳಿಗೆ ತುತ್ತು ಹಾಕಿ ಬೆಳೆಸಿದ, ಎಡಗೈಗೆ ಏಟು ಕೊಟ್ಟು ಬಲಗೈಯಲ್ಲಿ ಉಣ್ಣಲು ಕಲಿಸಿದ ತಾಯಿಯ ಕಣ್ಣಿಗೆ ಅದು ಬೀಳದೆ ಇದ್ದೀತೇ?

"ತಪ್ಪಾಯ್ತು ಖಾಲಾ, ಕ್ಯಾಮೆರಾ ತಿರುವಿ ಹಾಕ್ಯದ..." ಎಂದು ಆಸ್ಫಿಯಾ ತೊದಲಿದಳು. ಖಾಲಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ತಮ್ಮ ಮನೆಯ ಸೊಸೆಗೆ ಯಾರೋ ಎಡಗೈಯಲ್ಲಿ ಉಣ್ಣುವುದನ್ನು ಕಲಿಸಿಬಿಟ್ಟಾರು ಎಂಬ ಗಾಬರಿಯಲ್ಲಿ ಕುಂಟುತ್ತ ಎರಡು ಹೆಜ್ಜೆ ಮುಂದೆ ಬಂದು, ಬುಶ್ರಾಳ ಎದುರು ಬಗ್ಗಿದರು.

"ಏ ಹುಡುಗಿ, ಹಂಗಲ್ಲ. ಹಿಂಗ!"

ಬಲಗೈಯ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದರು. ಹಸಿರು ಬಳೆಗಳು ಮೊಣಕೈಗೆ ಜಾರಿದವು. ಮತ್ತೆ ತಂದರು. ಇನ್ನೊಮ್ಮೆ ತಂದರು. ಮುಖ ಸೊಸೆಯ ಮುಖಕ್ಕೆ ನೇರವಾಗಿತ್ತು.

ಬುಶ್ರಾ ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದವು. ಅತ್ತೆ ಉಣ್ಣು ಎಂದಿದ್ದಾರೆ, ಅದೂ ಒಂದು ಸಲವಲ್ಲ. ಅವಳು ಕಣ್ಣೊರೆಸಿಕೊಂಡು, ತನ್ನ ಬೆರಳು ಕೂಡಿಸಿ ಬಾಯಿಗೆ ತಂದಳು, ಆಮೇಲೆ ಅಂಗೈ ತೆರೆದು ಅತ್ತೆಯ ಕಡೆ ಚಾಚಿ ಹುಬ್ಬು ಮೇಲೆತ್ತಿದಳು.

"ಏನಂತಾಳ?" ಎಂದು ಖಾಲಾ ಆಸ್ಫಿಯಾಳ ಕಡೆ ತಿರುಗಿದರು.

ಆಸ್ಫಿಯಾಳ ಬಾಯಿ ತೆರೆಯಿತು. ಚಿಕ್ಕಂದಿನಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತ ಬಂದವಳು. ನಾನು ನೋಡುತ್ತಿದ್ದೆ, ಅವಳು ತುಟಿ ಕಚ್ಚಿ ಸುಮ್ಮನಾದಳು. ಎರಡೂ ಕೈಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡಳು. "ನೀವೇ ನೋಡ್ರಿ ಖಾಲಾ," ಎಂದಳು ಮೆಲ್ಲಗೆ.

ಖಾಲಾ ಮತ್ತೆ ಸೊಸೆಯ ಕಡೆ ತಿರುಗಿದರು. ಬುಶ್ರಾ ಮತ್ತೊಮ್ಮೆ, ನಿಧಾನವಾಗಿ, ಬೆರಳು ಬಾಯಿಗೆ, ಅಂಗೈ ಅತ್ತೆಗೆ. ಖಾಲಾ ಅವರ ಗಂಟಿಕ್ಕಿದ ಹುಬ್ಬು ಸಡಿಲವಾಯಿತು.

"ನಂದಾ? ನಂದು ಊಟ ಕೇಳ್ತಾಳ?" ಎಂದರು, ಯಾರಿಗೋ ಎಂಬಂತೆ. ಆಮೇಲೆ ಅವಳಿಗೇ, ಎದೆ ಮುಟ್ಟಿಕೊಂಡು, ಕೈ ಅಲ್ಲಾಡಿಸಿ, "ನಂದೂ ಆಗಿಲ್ಲ. ಬಾ." ತಾವೇ ನೆಲಕ್ಕೆ ಕೈಯೂರಿ ಕುಳಿತು, ಪಕ್ಕದ ಜಾಗವನ್ನು ತಟ್ಟಿದರು. ಬುಶ್ರಾ ಎದ್ದು ಬಂದು ಕುಳಿತಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ನಾನು ಖಾರ ಹೆಚ್ಚಾಗಿದೆ ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಊಟವಾಯಿತು, ಚಹಾ ಆಯಿತು, ತನ್ವೀರ್ ಅಂಗಡಿಯಿಂದ ಓಡೋಡಿ ಬಂದು ಬಾಗಿಲಲ್ಲೇ ನಿಂತ. ಆದರೆ ಕೇಳಬೇಕಾದದ್ದನ್ನು ಯಾರೂ ಕೇಳುತ್ತಿಲ್ಲ. ಬುಶ್ರಾ ಉಳಿಯಬೇಕೋ, ನಮ್ಮೊಂದಿಗೆ ಬರಬೇಕೋ? ನಾನು ಗಡಿಯಾರ ನೋಡಿದೆ, ಬಸ್ಸಿನ ಮಾತೆತ್ತಿದೆ, ಕೆಮ್ಮಿದೆ. ಖಾಲಾ ನಮ್ಮನ್ನು ಕಳಿಸಲು ಬ್ಯಾಂಡೇಜಿನ ಕಾಲೆಳೆಯುತ್ತ ಬಾಗಿಲವರೆಗೂ ಬಂದವರು, ಗೋಡೆಗೆ ಆನಿಸಿದ್ದ ಚೀಲವನ್ನು ಕಂಡು ಗಕ್ಕನೆ ನಿಂತರು.

"ಇದೇನು ಚೀಲಾ ಬಾಗಲದಾಗ ಇಟ್ಟೀರಿ? ಎಡವಿ ಮತ್ತ ಬೀಳ್ಬೇಕೇನ್ ನಾ?" ಎಂದು ಮಗನನ್ನು ಗದರಿದರು. "ಒಳಗ ಇಡು. ಅಕೀ ಖೋಲ್ಯಾಗ ಇಡು."

ತನ್ವೀರ್ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ. ಬುಶ್ರಾ ಅವನ ಹಿಂದೆ ಓಡಿದವಳು ಅರ್ಧದಿಂದ ತಿರುಗಿ ಬಂದು ಅಕ್ಕನನ್ನು ತಬ್ಬಿಕೊಂಡಳು.

ಬಸ್ಸಿನಲ್ಲಿ ಆಸ್ಫಿಯಾಳ ಕೈಗಳು ಮಡಿಲಲ್ಲಿದ್ದವು. ಮೊದಲಿನಂತೆ ನನಗೆ ಕಸಿವಿಸಿಯಾಗಲಿಲ್ಲ, ದಣಿದು ವಿಶ್ರಾಂತಿ ತೆಗೆದುಕೊಳ್ಳುತ್ತಿವೆ ಅನ್ನಿಸಿತು. ಕಲಬುರಗಿ ಹತ್ತಿರ ಬಂದಾಗ, "ಅಕ್ಕಾ, ಎಲ್ಲಾ ಕೈ ನಾಳಿ ತಿರುವಿ ಹಾಕ್ಬೇಕು. ಒಂದೇ ಸಾಲಿನ ಕೆಲಸ," ಎಂದಳು.

ಮರುದಿನ ಅವಳು ಎಲ್ಲವನ್ನೂ ತಿರುವಿ ಬಲಗೈ ಮಾಡಿದಳು, ಒಂದನ್ನು ಬಿಟ್ಟು. ಅದಕ್ಕೆ ಮೊದಲೇ ಕಮಲಾಪುರದಿಂದ ಬುಶ್ರಾ ಒಂದು ವೀಡಿಯೊ ಕಳಿಸಿದ್ದಳು. ಜೊತೆಗೆ ಅಕ್ಕನಿಗೆ ಬರೆದದ್ದು ಇಷ್ಟೇ: 'ಆಪಾ, ನಿನ್ನ ಊಟ ತೆಗಿ. ಇದು ಹಾಕು.' ಮುಂದಿನ ದಿನಗಳಲ್ಲಿ ಅವಳು ಅತ್ತೆಯ ಹೆಸರನ್ನೂ ಬದಲಾಯಿಸಿದಳು. ಈಗ ಬೆನ್ನು ಮುಟ್ಟಿಕೊಳ್ಳುವುದಿಲ್ಲ, ಮಣಿಕಟ್ಟಿನ ಮೇಲೆ ಬಳೆಯಂತೆ ಎರಡು ಬೆರಳು ತಿರುಗಿಸುತ್ತಾಳೆ. ಕೋಟನೂರಿನ ಅಮ್ಮಿಗೂ ಆ ಹೆಸರು ಬಾಯಿಪಾಠ, ಅಲ್ಲ, ಕೈಪಾಠವಾಗಿದೆ.

ಆ ಆ್ಯಪ್ ನನ್ನ ಫೋನಿನಲ್ಲೂ ಇದೆ. ಮಧ್ಯಾಹ್ನ ಹಸಿವಾದಾಗ ಪಕ್ಕದ ಮೇಜಿನಲ್ಲೇ ಕುಳಿತ ಆಸ್ಫಿಯಾಳಿಗೆ 'ಊಟಕ್ಕೆ ಏಳು' ಎಂದು ಬರೆದು ಕಳಿಸುತ್ತೇನೆ. ಆ ಸಾಲಿನ ನಡುವೆ ಐದು ಬೆರಳು ಕೂಡುತ್ತವೆ, ಹಸಿರು ಬಳೆಗಳು ಮೊಣಕೈಗೆ ಜಾರುತ್ತವೆ, ಜೀನತ್ ಖಾಲಾ ಅವರ ಬಲಗೈ ಬಾಯಿಯ ಹತ್ತಿರ ಹೋಗಿ ಬರುತ್ತದೆ.